ಇನ್ನೂರ ನಲವತ್ತು ಎಡಗಾಲು

ಕಟಿಂಗ್ ಮಾಸ್ಟರಿಗೆ ಹನ್ನೊಂದು ವರ್ಷಗಳಿಂದ ನಿದ್ದೆಯಿಲ್ಲ ಎಂದರೆ ಅವರ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬದಿರುವುದಕ್ಕೆ ಬೀದಿಯ ಬಳಿ ಗಟ್ಟಿ ಸಾಕ್ಷಿಯಿತ್ತು. ದಿನಾ ಹತ್ತಕ್ಕೆ ಶುರುವಾಗಿ, ಗೋಡೆ, ಬಾಗಿಲು, ಕಿಟಕಿ ಯಾವುದರ ಮುಲಾಜೂ ಇಟ್ಟುಕೊಳ್ಳದೆ ಬೆಳಗಿನ ಆರರವರೆಗೆ ನಡೆಯುತ್ತಿದ್ದ ಗೊರಕೆಯೇ ಆ ಸಾಕ್ಷಿ. ಎದುರು ಮನೆಗೆ ಹೊಸದಾಗಿ ಬಂದ ಬಾಡಿಗೆಯವನು, ಇಲ್ಲಿ ಯಾರೋ ಬೋರ್‌ವೆಲ್ ಕೊರೆಸುತ್ತಿದ್ದಾರೆಂದು ತಿಳಿದು, ಮರುದಿನ ಬೆಳಗ್ಗೆ ಬಂದು, “ಎಷ್ಟಡಿಗೆ ನೀರು ಬಿತ್ತು ಸಾರ್?” ಎಂದು ಸಂತೋಷದಿಂದಲೇ ವಿಚಾರಿಸಿದ್ದ.

ಹೆಂಡತಿ ಎಂದೋ ಹಾಸಿಗೆ ಸುತ್ತಿಕೊಂಡು ಅಡುಗೆಮನೆ ಸೇರಿದ್ದಳು. ನಡುವೆ ಎರಡು ಬಾಗಿಲು, ಕಿವಿಯಲ್ಲಿ ಹತ್ತಿ, ತಲೆಯ ಮೇಲೊಂದು ದಿಂಬು. ಇಷ್ಟರ ಕಾವಲಿನಲ್ಲಿ ಅವಳಿಗೆ ಹೇಗೋ ನಾಲ್ಕು ಗಂಟೆ ಕಣ್ಣು ಹತ್ತುತ್ತಿತ್ತು. ಅವಳಿಗೆ ಗಂಡನ ಮೇಲೆ ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚಿತ್ತು.

“ಪುಣ್ಯವಂತರು ನೀವು. ದಿಂಬಿಗೆ ತಲೆ ತಾಕೋದೇ ತಡ, ಲೋಕ ಮುಳುಗಿದ್ರೂ ಗೊತ್ತಾಗಲ್ಲ.”

“ಲೇ, ನನಗೆ ನಿದ್ದೇನೇ ಬಂದಿಲ್ಲ ಕಣೇ.”

“ಹೌದಾ? ಹಾಗಾದ್ರೆ ರಾತ್ರಿಯೆಲ್ಲ ಅದು ಯಾರು, ನಿಮ್ಮಪ್ಪನಾ?”

ಮಾಸ್ಟರ ಪಾಲಿಗೆ ಬೆಳಗು ಎಂದರೆ ಒಣಗಿ ಅಂಗುಳಿಗೆ ಅಂಟಿದ ನಾಲಿಗೆ, ಹಣೆಯೊಳಗೆ ಯಾರೋ ಮೊಳೆ ಹೊಡೆಯುತ್ತಿರುವಂಥ ನೋವು, ರಾತ್ರಿಯಿಡೀ ಮೂಟೆ ಇಳಿಸಿದವನ ಮೈಕೈ. ಎಂಟು ಗಂಟೆ ಮಲಗಿದ್ದು ಹೌದು. ಆ ಎಂಟು ಗಂಟೆಯಲ್ಲಿ ಆದದ್ದು ನಿದ್ದೆಯಲ್ಲ, ಏನೋ ಒಂದು ಹೊಡೆದಾಟ. ಯಾರ ಜೊತೆ ಎಂಬುದು ಮಾತ್ರ ನೆನಪಿರುತ್ತಿರಲಿಲ್ಲ.

ಹಗಲು ಆ ನಿದ್ದೆಯ ಸಾಲವನ್ನು ವಸೂಲಿ ಮಾಡುತ್ತಿತ್ತು. ಹಲ್ಲುಜ್ಜುವ ಬ್ರಷ್ಷಿಗೆ ಗಡ್ಡದ ಕ್ರೀಮು ಬರುತ್ತಿತ್ತು. ಹೆಂಡತಿ ಒಳಗಿರುವಾಗಲೇ ಮನೆಗೆ ಹೊರಗಿನಿಂದ ಬೀಗ ಬಿದ್ದು, ಅವಳು ಕಿಟಕಿಯಿಂದ ಬೀದಿಯವರನ್ನೆಲ್ಲ ಕೂಗಬೇಕಾಗಿತ್ತು. ಬಸ್ಸಿನಲ್ಲಿ ಕೂತರೆ ಇಳಿಯುವ ಸ್ಟಾಪು ದಾಟಿ ಕೊನೆಯ ಸ್ಟಾಪಿನಲ್ಲಿ ಕಂಡಕ್ಟರು ಭುಜ ಅಲ್ಲಾಡಿಸಬೇಕು. ಅಲ್ಲಿನ ಚಹಾದಂಗಡಿಯವನು ಇವರ ಮನೆ ಅಲ್ಲೇ ಎಲ್ಲೋ ಇದೆ ಎಂದುಕೊಂಡಿದ್ದ. ಹೆಂಡತಿಯ ಅಣ್ಣ ಫೋನು ಮಾಡಿದರೆ ಮಾತಿನ ನಡುವೆಯೇ ಮಾಸ್ಟರ ತಲೆ ಎದೆಗೆ ಇಳಿಯುತ್ತಿತ್ತು. ಇದೊಂದನ್ನು ಕಾಯಿಲೆಯ ಲೆಕ್ಕಕ್ಕೆ ಹಿಡಿಯಬಾರದು. ಆ ಭಾವನ ಮಾತು ಕೇಳಿದರೆ ಗಟ್ಟಿಮುಟ್ಟಾಗಿರುವವರೂ ನಿದ್ದೆ ಹೋಗುತ್ತಾರೆ. ಆದರೆ ಸಣ್ಣಸಣ್ಣದಕ್ಕೆ ರೇಗುವುದು, ಯಾತಕ್ಕೆ ರೇಗಿದೆವೆಂದು ಮರೆತು ಪೆಚ್ಚಾಗಿ ನಿಲ್ಲುವುದು, ಕೈಯಲ್ಲಿ ಹಿಡಿದ ವಸ್ತುವಿನ ಹೆಸರೇ ಬಾಯಿಗೆ ಬಾರದಿರುವುದು, ಇವೆಲ್ಲ ಹೊಸದಾಗಿ ಸೇರಿಕೊಂಡಿದ್ದವು.

ಮನೆಯಲ್ಲಿ ಇದೆಲ್ಲ ನಗೆಯ ಸರಕು. ಕಾರ್ಖಾನೆಯಲ್ಲಿ ಹಾಗಲ್ಲ. ಅಲ್ಲಿ ಅವರ ಕೈಯಲ್ಲಿ ಕತ್ತಿಯಿತ್ತು.

ಅದು ಯೂನಿಫಾರಂ ಹೊಲಿಯುವ ಕಾರ್ಖಾನೆ. ಇಪ್ಪತ್ತಡಿ ಉದ್ದದ ಮೇಜಿನ ಮೇಲೆ ಬಟ್ಟೆಯನ್ನು ಒಂದರ ಮೇಲೊಂದು ನೂರಿಪ್ಪತ್ತು ಪದರ ಹಾಸುತ್ತಾರೆ. ಮೇಲಿನ ಪದರದ ಮೇಲೆ ಮಾಸ್ಟರು ರಟ್ಟಿನ ಅಚ್ಚಿಟ್ಟು ಚಾಕಿನಲ್ಲಿ ಗೆರೆ ಎಳೆಯಬೇಕು. ಆಮೇಲೆ ಎಡಗೈಗೆ ಉಕ್ಕಿನ ಎಳೆಯ ಗವಸು ತೊಟ್ಟು, ನೆಟ್ಟಗೆ ನಿಂತ ಅಲಗಿನ ಕರೆಂಟಿನ ಕತ್ತಿಯನ್ನು ಆ ಗೆರೆಯ ಮೇಲೆ ನಡೆಸಬೇಕು. ಒಂದು ಸಲ ನಡೆಸಿದರೆ ನೂರಿಪ್ಪತ್ತು ಪದರವೂ ಕತ್ತರಿಸಿಹೋಗುತ್ತದೆ. ಬುದ್ಧಿವಂತಿಕೆ ನೂರಿಪ್ಪತ್ತು ಪಟ್ಟಾಗುವ ಜಾಗ ಅದು, ಮಂಕುತನವೂ ಅಷ್ಟೇ.

ಮಾಸ್ಟರು ಈ ಕೆಲಸ ಕಲಿತದ್ದು ಸೋದರಮಾವನ ಅಂಗಡಿಯಲ್ಲಿ, ಮೀಸೆ ಮೂಡುವ ಮೊದಲು. ಟೇಪು ಮುಟ್ಟದೆ, ಬಾಗಿಲಲ್ಲಿ ನಿಂತ ಗಿರಾಕಿಯನ್ನು ಒಮ್ಮೆ ನೋಡಿ ಸೊಂಟದ ಅಳತೆ ಹೇಳುವುದರಲ್ಲಿ ಎತ್ತಿದ ಕೈ. ಕಾರ್ಖಾನೆಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ತುಂಡೂ ಹಾಳು ಮಾಡಿದವರಲ್ಲ. ಆ ಮೇಜಿನ ಬಳಿ ಸೂಪರ್‌ವೈಸರ್ ಕೂಡ ಸುಮ್ಮನೆ ಬಂದು ಸುಮ್ಮನೆ ಹೋಗುತ್ತಿದ್ದ. ಮನುಷ್ಯನಿಗೆ ಲೋಕದಲ್ಲಿ ಗೌರವ ಇರುವ ಜಾಗ ಇಪ್ಪತ್ತಡಿ ಇದ್ದರೆ ಅದೇನು ಕಡಿಮೆಯಲ್ಲ. ಆ ಇಪ್ಪತ್ತಡಿಯನ್ನು ಉಳಿಸಿಕೊಳ್ಳಲು ಮಾಸ್ಟರು ಪಡದ ಪಾಡಿಲ್ಲ. ಲವಂಗ ಅಗಿದರು. ಒಂಟಿಕಾಲಲ್ಲಿ ನಿಂತು ಗೆರೆ ಎಳೆದರು. ಕಾಲರಿನ ಒಳಗೆ ಗುಂಡುಪಿನ್ನು ಸಿಕ್ಕಿಸಿಕೊಂಡು, ತಲೆ ಬಾಗಿದರೆ ಚುಚ್ಚುವಂತೆ ಮಾಡಿಕೊಂಡರು. ಮೂರು ದಿನದಲ್ಲಿ ಪಿನ್ನು ಚುಚ್ಚುತ್ತಿರುವಾಗಲೇ ನಿದ್ದೆ ಹೋಗುವುದನ್ನೂ ಕಲಿತರು.

ಅವರ ಗುಟ್ಟು ಗೊತ್ತಿದ್ದದ್ದು ಅಕ್ಕನೊಬ್ಬಳಿಗೇ. ಕತ್ತರಿಸಿದ ತುಂಡುಗಳಿಗೆ ನಂಬರಿನ ಸ್ಟಿಕ್ಕರ್ ಅಂಟಿಸುವ ಆ ಹೆಂಗಸನ್ನು ಇಡೀ ಕಾರ್ಖಾನೆ ಅಕ್ಕ ಎಂದೇ ಕರೆಯುತ್ತಿತ್ತು. ಮಾಸ್ಟರು ಕತ್ತಿ ನಡೆಸುವಾಗ ಮೇಜಿನ ಆ ತುದಿಯಲ್ಲಿ ನಿಂತು ಬಟ್ಟೆ ಜಾರದಂತೆ ಒತ್ತಿ ಹಿಡಿಯುವವಳೂ ಅವಳೇ. ಮಾಸ್ಟರ ರೆಪ್ಪೆ ಇಳಿಯುವುದು ಕಂಡರೆ ಸಾಕು, “ಮಾಸ್ಟ್ರೇ, ಚಾಕ್ ಬಿತ್ತು” ಎನ್ನುತ್ತಿದ್ದಳು. ಅವರು ಬೆಚ್ಚಿ, ಬೀಳದ ಚಾಕಿಗಾಗಿ ನೆಲ ನೋಡುತ್ತಿದ್ದರು. ಸುತ್ತಲಿನವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಚಾಕ್ ಬೀಳಿಸುವ ಮನುಷ್ಯ ಎಂದಷ್ಟೇ ಎಣಿಸಿದ್ದರು.

ಅಕ್ಕ ಎರಡು ದಿನ ರಜೆ ಹಾಕಿದಾಗ ಆಗಬಾರದ್ದು ಆಯಿತು.

ಕಾವಲುಗಾರರ ಖಾಕಿ ಪ್ಯಾಂಟು, ನೂರಿಪ್ಪತ್ತು. ಪ್ಯಾಂಟಿನ ಅಚ್ಚು ಒಂದೇ ಕಾಲಿನದು. ಅದನ್ನಿಟ್ಟು ಎಡಗಾಲಿನ ಗೆರೆ ಎಳೆದು, ಅದೇ ಅಚ್ಚನ್ನು ಮಗುಚಿಟ್ಟು ಬಲಗಾಲಿನ ಗೆರೆ ಎಳೆಯಬೇಕು. ಮಾಸ್ಟರು ಎಡಗಾಲು ಎಳೆದರು. ಅಚ್ಚನ್ನು ಎತ್ತಿ ಪಕ್ಕಕ್ಕೆ ಸರಿಸಿದರು. ಆಮೇಲೆ, ಒಂದು ಉಸಿರಿನಷ್ಟೋ ಎರಡು ಉಸಿರಿನಷ್ಟೋ ಹೊತ್ತು, ಅವರು ಅಲ್ಲಿರಲಿಲ್ಲ. ಮರಳಿ ಬಂದಾಗ ಅಚ್ಚು ಕೈಯಲ್ಲಿತ್ತು. ಮಗುಚಿದ್ದೇನೆ ಎಂದೇ ತಿಳಿದು ಗೆರೆ ಎಳೆದರು. ಕತ್ತಿ ನಡೆಸಿದರು. ಗೆರೆ ಎಂದಿನಂತೆ ಕೂದಲೆಳೆಯಷ್ಟೂ ಆಚೀಚೆಯಾಗಿರಲಿಲ್ಲ.

ರಜೆ ಮುಗಿಸಿ ಬಂದ ಅಕ್ಕ ಸ್ಟಿಕ್ಕರ್ ಅಂಟಿಸಲು ಕೂತು, ಒಂದು ತುಂಡಿನ ಮೇಲೆ ಇನ್ನೊಂದನ್ನು ಮುಖಕ್ಕೆ ಮುಖ ಇಟ್ಟಳು. ಕೂರಲಿಲ್ಲ. ಇನ್ನೊಂದು ಜೊತೆ ತೆಗೆದಳು. ಅದೂ ಕೂರಲಿಲ್ಲ.

“ಮಾಸ್ಟ್ರೇ, ಈ ಕಾವಲುಗಾರರಿಗೆ ಬಲಗಾಲಿಲ್ವಾ?”

ಮಾಸ್ಟರು ತುಂಡುಗಳನ್ನು ನೋಡಿದರು. ಇಡೀ ರಾಶಿ ಒಂದೇ ಕಡೆಗೆ ಬಾಗಿತ್ತು. ನೂರಿಪ್ಪತ್ತು ಪ್ಯಾಂಟು, ಇನ್ನೂರ ನಲವತ್ತು ಎಡಗಾಲು.

“ಅರ್ಧನ್ನ ಒಳಮೈ ಹೊರಗೆ ಮಾಡಿ ಹೊಲಿದ್ರೆ?” ಅವರ ದನಿ ಅವರಿಗೇ ಕೇಳಿಸುವಂತಿರಲಿಲ್ಲ.

ಅಕ್ಕ ಒಂದು ತುಂಡನ್ನು ಮಗುಚಿ ಹಿಡಿದಳು. ಹೊರಮೈ ಮಿರಮಿರ ಮಿನುಗುವ ಬಟ್ಟೆ. ಒಳಮೈ ಮಣ್ಣಿನ ಗೋಡೆ. “ಒಂದು ಕಾಲು ಮದುಮಗಂದು, ಇನ್ನೊಂದು ಗಾರೆ ಕೆಲಸದವಂದು ಆಗುತ್ತೆ. ಸುಮ್ನಿರಿ ಮಾಸ್ಟ್ರೇ. ಹೋಗಿ ಹೇಳಿಬಿಡಿ.”

ಸೂಪರ್‌ವೈಸರ್ ಕೆಟ್ಟವನಲ್ಲ. ಮಾಸ್ಟರಿಗಿಂತ ಹದಿನೈದು ವರ್ಷ ಚಿಕ್ಕವನು, ಎದುರಾದಾಗ ದಾರಿ ಬಿಡುವವನು. ಗೆರೆ ಎಳೆಯುವಾಗ ಕಣ್ಣು ಹತ್ತಿತ್ತೆಂದು ಮಾಸ್ಟರು ಒಪ್ಪಿಕೊಂಡ ಮೇಲೆ ಅವನು ಬಾಗಿಲು ಮುಚ್ಚಿ, ಕಾರ್ಖಾನೆಯ ನಿಯಮಗಳ ಪುಸ್ತಕ ತೆರೆದು, ತನಗೇ ತಲೆನೋವು ಬಂದವನಂತೆ ಓದತೊಡಗಿದ.

“ನೋಡಿ ಮಾಸ್ಟ್ರೇ. ಕೆಲಸದ ಹೊತ್ತಲ್ಲಿ ನಿದ್ದೆ ಮಾಡಿದ್ರೆ: ವಜಾ. ಒಂದೇ ಪದ. ಎಂದೋ ಯಾವನೋ ಬಾಯ್ಲರ್ ಪಕ್ಕ ಮಲಗಿದ್ನಂತೆ, ಆವತ್ತಿಂದ ಹೀಗಿದೆ. ಕುಡಿದು ಕೆಲಸಕ್ಕೆ ಬಂದ್ರೆ: ಮೊದಲನೇ ಸಲ ಎಚ್ಚರಿಕೆ, ಮೂರು ದಿನ ರಜೆ, ಡಾಕ್ಟರ ಹತ್ರ ಸಲಹೆ.”

“ಕುಡಿದವನಿಗೆ ಇಷ್ಟು ಉಪಚಾರವಾ?”

“ಇದನ್ನ ಬರೆದಾಗ ಮಾಲೀಕರ ಭಾವಮೈದುನ ಇಲ್ಲೇ ಸ್ಟೋರಲ್ಲಿದ್ರು.” ಸೂಪರ್‌ವೈಸರ್ ಕೆಮ್ಮಿದ. “ಈಗ ಹೇಳಿ. ಆವತ್ತು ನೀವು ಕುಡಿದಿದ್ರಿ, ಅಲ್ವಾ?”

“ಹುಟ್ಟಿದಾಗಿಂದ ಒಂದು ತೊಟ್ಟು ಮುಟ್ಟಿಲ್ಲ ಸಾರ್.”

“ಮಾಸ್ಟ್ರೇ, ಇನ್ನೊಂದ್ಸಲ ಕೇಳ್ತೀನಿ. ಯೋಚನೆ ಮಾಡಿ ಹೇಳಿ.”

ಮಾಸ್ಟರು ಯೋಚಿಸಿದರು. ನಿದ್ದೆ ಎಂದರೆ ಗೇಟು, ಕುಡಿತ ಎಂದರೆ ಮೇಜು. ನಲವತ್ತೇಳನೇ ವಯಸ್ಸಿನಲ್ಲಿ, ಮೊಟ್ಟಮೊದಲ ಬಾರಿಗೆ, ಒಂದು ಹನಿಯೂ ಒಳಗೆ ಹೋಗದೆ ಅವರು ಕುಡುಕರಾಗಿ ಸಹಿ ಹಾಕಿದರು.

ಎಚ್ಚರಿಕೆಯ ಪತ್ರದ ಒಂದು ಪ್ರತಿ ಮನೆಗೂ ಹೋಗಬೇಕೆಂಬುದು ನಿಯಮದ ಮುಂದಿನ ಸಾಲಿನಲ್ಲಿತ್ತು. ಸೂಪರ್‌ವೈಸರ್ ಅದನ್ನು ಓದಿ ಹೇಳಿರಲಿಲ್ಲ. ಹೆಂಡತಿ ಪತ್ರವನ್ನು ಎರಡು ಸಲ ಓದಿದಳು. ಗಂಡನ ಬಾಯಿಯ ಹತ್ತಿರ ಮೂಗು ತಂದಳು. ಲವಂಗದ ವಾಸನೆ ಬಂತು. ಅವಳಿಗೆ ಎಲ್ಲವೂ ಅರ್ಥವಾಗಿಹೋಯಿತು.

“ವಾಸನೆ ಮುಚ್ಚೋಕೆ ಲವಂಗ. ಹನ್ನೊಂದು ವರ್ಷದಿಂದ ಬೆಳಗ್ಗೆ ತಲೆನೋವು. ನಾನೆಂಥ ದಡ್ಡಿ!”

“ಕುಡಿದಿಲ್ಲ ಕಣೇ. ನಿದ್ದೆ ಅಂದ್ರೆ ಕೆಲಸ ಹೋಗುತ್ತೆ ಅಂತ ಹಾಗೆ ಬರ್ಕೊಟ್ಟೆ.”

“ಕುಡೀದೇ ಇರೋನು ಕುಡಿದೆ ಅಂತ ಸಹಿ ಹಾಕ್ತಾನಾ? ಕುಡಿದಿದ್ರೆ ಕುಡಿದೆ ಅನ್ನಿ. ಬೇಜಾರಿಲ್ಲ. ಇಷ್ಟು ವರ್ಷ ನನಗೆ ಗೊತ್ತಾಗದ ಹಾಗೆ ಕುಡಿದ್ರಲ್ಲ, ಅದಕ್ಕೆ ಬೇಜಾರು.”

ನಿಜ ಹೇಳಿದರೆ ಹೆಂಡತಿ ನಂಬುವುದಿಲ್ಲ, ಸುಳ್ಳು ಹೇಳಿದರೆ ಕಾರ್ಖಾನೆ ನಂಬುತ್ತದೆ. ಮಾಸ್ಟರು ಗೋಡೆಗೆ ಒರಗಿದರು. ಒರಗಿದಲ್ಲೇ ತೂಕಡಿಸಿದರು. ಅವಳು ಕಣ್ಣೊರೆಸಿಕೊಂಡು, “ನೋಡಿ, ಈಗಲೂ ಅಮಲು ಇಳಿದಿಲ್ಲ” ಎಂದಳು.

ಮೂರನೇ ದಿನ ಡಾಕ್ಟರ ಬಳಿ ಹೋದರು. ಕುಡಿತ ಬಿಡಿಸುವ ಡಾಕ್ಟರು. ಸಣ್ಣ ದನಿಯ, ದಪ್ಪ ಕನ್ನಡಕದ ಹೆಂಗಸು. ಕಣ್ಣು ನೋಡಿದರು, ಹೊಟ್ಟೆ ಒತ್ತಿದರು, ಕೈ ಚಾಚಲು ಹೇಳಿ ನಡುಗುತ್ತದೆಯೇ ಎಂದು ಪರೀಕ್ಷಿಸಿದರು. ಕುಡುಕನ ಲಕ್ಷಣ ಒಂದೂ ಸಿಗದೆ ಅವರ ಹುಬ್ಬು ಗಂಟಾಯಿತು. ಬೇರೊಂದು ಹಾಳೆ ತೆಗೆದರು.

“ಓದ್ತಾ ಕೂತಾಗ ತೂಕಡಿಕೆ ಬರುತ್ತಾ?”

“ಬರುತ್ತೆ ಮೇಡಂ.”

“ಬಸ್ಸಲ್ಲಿ?”

“ಬಸ್ಸಲ್ಲಿ ಬರೋದಲ್ಲ, ಬಸ್ಸು ಹತ್ತೋಕೆ ಮುಂಚೆನೇ ಬಂದಿರುತ್ತೆ.”

“ಊಟ ಆದ್ಮೇಲೆ?”

“ಹೂಂ.”

“ಯಾರ ಜೊತೆಗಾದ್ರೂ ಮಾತಾಡ್ತಾ ಇರುವಾಗ?”

ಉತ್ತರ ಬರಲಿಲ್ಲ. ಡಾಕ್ಟರು ತಲೆಯೆತ್ತಿ ನೋಡಿ, ಆ ಪ್ರಶ್ನೆಯ ಮುಂದೆ ‘ಹೌದು’ ಎಂದು ಬರೆದುಕೊಂಡು, ಮಾಸ್ಟರನ್ನು ಎಬ್ಬಿಸಿದರು. ಕುತ್ತಿಗೆಯ ಸುತ್ತಳತೆ ನೋಡಲು ಟೇಪು ತೆಗೆದಾಗ ಮಾಸ್ಟರು ಕಣ್ಣುಜ್ಜಿಕೊಳ್ಳುತ್ತ, “ಹದಿನೇಳೂವರೆ ಇಂಚು ಮೇಡಂ, ಅಳೀಬೇಡಿ. ಮೊದಲು ಹದಿನೈದೂವರೆ ಇತ್ತು, ಕಾಲರ್ ಬಿಚ್ಚಿ ಬಿಚ್ಚಿ ಹೊಲ್ಕೊಂಡಿದೀನಿ” ಎಂದರು.

ಡಾಕ್ಟರು ಅಳೆದರು. ಹದಿನೇಳೂವರೆಯೇ ಇತ್ತು. ಬಾಯಿ ತೆರೆಸಿ ಗಂಟಲಿಗೆ ಬೆಳಕು ಬಿಟ್ಟು ನೋಡಿ, ಟಾರ್ಚು ಆರಿಸಿದರು.

“ನೀವು ಮಲಗ್ತೀರಿ, ನಿದ್ದೆ ಮಾಡಲ್ಲ. ಮಲಗಿದ ತಕ್ಷಣ ನಿಮ್ಮ ಗಂಟಲು ಒಳಗೆ ಕುಸಿದು ಉಸಿರಿನ ದಾರಿ ಮುಚ್ಕೊಳ್ಳುತ್ತೆ ಅನ್ಸುತ್ತೆ. ಉಸಿರು ನಿಲ್ಲುತ್ತೆ. ಮಿದುಳು ಗಾಬರಿಯಾಗಿ ನಿಮ್ಮನ್ನ ಎಬ್ಬಿಸಿ ಉಸಿರು ಎಳೆಸುತ್ತೆ. ನಿಮಗೆ ಎದ್ದಿದ್ದೇ ನೆನಪಿರಲ್ಲ. ಹೀಗೆ ಗಂಟೆಗೆ ಮೂವತ್ತು ನಲವತ್ತು ಸಲ ಆದ್ರೆ ನಿದ್ದೆ ಎಲ್ಲಿಂದ ಬರಬೇಕು? ಉಸಿರು ನಿಲ್ಲೋದನ್ನ ಮನೇಲಿ ಯಾರಾದ್ರೂ ನೋಡಿದಾರಾ?”

“ನೋಡಬೇಕಾದೋರು ಕಿವಿಗೆ ಹತ್ತಿ ಹಾಕ್ಕೊಂಡು ಅಡುಗೆಮನೇಲಿ ಮಲಗ್ತಾರೆ.” ಹನ್ನೊಂದು ವರ್ಷದಲ್ಲಿ ಮಾಸ್ಟರ ಮಾತನ್ನು ನಂಬಿದ ಮೊದಲ ಮನುಷ್ಯರು ಈ ಡಾಕ್ಟರು. “ಮೇಡಂ, ನಾನು ನಿದ್ದೆ ಮಾಡ್ತಿಲ್ಲ ಅಂತ ಬರ್ಕೊಡ್ತೀರಾ? ಮನೆಯವಳಿಗೆ ತೋರಿಸ್ಬೇಕು.”

“ಬರ್ಕೊಡ್ತೀನಿ. ಇದಕ್ಕೆ ದೊಡ್ಡಾಸ್ಪತ್ರೇಲಿ ಒಂದು ರಾತ್ರಿ ವೈರು ಹಚ್ಚಿಸ್ಕೊಂಡು ಮಲಗಿ ಪರೀಕ್ಷೆ ಮಾಡಿಸ್ಕೋಬೇಕು. ಕಾಯೋರು ತುಂಬ ಜನ ಇದಾರೆ, ಎರಡು ತಿಂಗಳು ಹಿಡಿಯುತ್ತೆ. ಆಮೇಲೆ ಮೂಗಿಗೆ ಗಾಳಿ ಒತ್ತೋ ಒಂದು ಯಂತ್ರ ಕೊಡ್ತಾರೆ. ಅಲ್ಲೀತನಕ ಕತ್ತಿ, ಯಂತ್ರ, ಗಾಡಿ ಮುಟ್ಟಬೇಡಿ.”

ಹೆಂಡತಿ ಆ ಚೀಟಿಯನ್ನೂ ಎರಡು ಸಲ ಓದಿದಳು. ಕೊನೆಗೆ, “ಡಾಕ್ಟರಿಗೆ ನಿಮ್ಮ ಗೊರಕೆ ಕೇಳಿಸಿದ್ರಾ?” ಎಂದಳು. ಅರ್ಧ ನಂಬಿದ್ದಳು. ಮಾಸ್ಟರಿಗೆ ಅಷ್ಟೂ ದೊಡ್ಡದಾಗಿ ಕಂಡಿತು.

ಆದರೆ ಚೀಟಿಯನ್ನು ಕಾರ್ಖಾನೆಗೆ ಕೊಡುವಂತಿರಲಿಲ್ಲ. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಇವರಿಗೆ ಕುಡಿತವಿಲ್ಲ, ಹಗಲು ತಡೆಯಲಾರದ ನಿದ್ದೆ. ಕೊಟ್ಟರೆ ವಜಾ. ಕೊಡದಿದ್ದರೆ ಕತ್ತಿ ಹಿಡಿಯಬೇಕು. ಮಾಸ್ಟರು ಚೀಟಿಯನ್ನು ಎಂಟು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು ಮೇಜಿಗೆ ಮರಳಿದರು. ಕತ್ತಿ ಮುಟ್ಟಬೇಡಿ ಎಂಬ ಚೀಟಿಯನ್ನು ಎದೆಯ ಮೇಲಿಟ್ಟುಕೊಂಡು ಹನ್ನೊಂದು ದಿನ ಕತ್ತಿ ನಡೆಸಿದರು. ಲವಂಗ ಬಿಟ್ಟರು, ಏಕೆಂದರೆ ಈಗ ಅದು ವಾಸನೆ ಮುಚ್ಚುವ ಉಪಾಯವೆಂದು ಕಾರ್ಖಾನೆಯಲ್ಲೂ ಸುದ್ದಿಯಾಗಿತ್ತು. ಹೊಲಿಗೆಯ ಸಾಲಿನಿಂದ, “ಮಾಸ್ಟ್ರೇ, ಸಂಜೆ ಎಲ್ಲಿ ಸೇರೋಣ?” ಎಂಬ ಕರೆ ಬರುತ್ತಿತ್ತು. ಅವರು ನಗುತ್ತಿದ್ದರು. ಬೇರೆ ಏನು ಮಾಡುವುದು?

ಹನ್ನೆರಡನೆಯ ದಿನ, ಊಟವಾದ ಮೇಲಿನ ಹೊತ್ತು. ಬಲಗಾಲುಗಳಿಗೆಂದು ಹೊಸ ಖಾಕಿ ಹಾಸಿತ್ತು. ಆ ತುದಿಯಲ್ಲಿ ಅಕ್ಕ, ಬರಿಗೈಯಲ್ಲಿ ಬಟ್ಟೆ ಒತ್ತಿ ಹಿಡಿದಿದ್ದಳು. ಉಕ್ಕಿನ ಗವಸು ಮಾಸ್ಟರ ಕೈಗೆ ಮಾತ್ರ. ಕತ್ತಿ ಒಂದೇ ಸಮನೆ ಗುಂಯ್‌ಗುಟ್ಟುತ್ತ ಗೆರೆಯ ಮೇಲೆ ಸಾಗಿತ್ತು. ಗೆರೆ ಎಡಕ್ಕೆ ತಿರುಗಿತು. ಕತ್ತಿ ತಿರುಗಲಿಲ್ಲ.

“ಮಾಸ್ಟ್ರೇ,” ಅಕ್ಕನ ದನಿ ಬಹಳ ಮೆಲ್ಲಗಿತ್ತು. “ಚಾಕ್ ಬಿತ್ತು.”

ಮಾಸ್ಟರು ಬೆಚ್ಚಿ ಕತ್ತಿಯ ಗುಂಡಿ ಬಿಟ್ಟರು. ಅಭ್ಯಾಸದಂತೆ ನೆಲ ನೋಡಿದರು. ಈ ಸಲ ನಿಜವಾಗಿಯೂ ಏನೋ ಬಿದ್ದಿತ್ತು. ಖಾಕಿಯಲ್ಲ, ನೀಲಿ; ಎರಡು ಬೆರಳಗಲದ ತುಂಡು, ಅಂಚು ಕೂದಲೆಳೆಯಷ್ಟೂ ಆಚೀಚೆಯಾಗಿರಲಿಲ್ಲ. ಅಕ್ಕ ತೊಟ್ಟಿದ್ದ ಮೇಲಂಗಿಯ ತೋಳಿನ ಅಂಚು. ಅವಳ ಮಣಿಕಟ್ಟು ಮೇಜಿನ ಮೇಲೆ, ಕತ್ತಿಯ ಪಕ್ಕದಲ್ಲೇ, ಇಡಿಯಾಗಿ, ಇನ್ನೂ ಬಟ್ಟೆಯನ್ನು ಒತ್ತಿ ಹಿಡಿದಿತ್ತು. ಬಿಡಲು ಅದಕ್ಕೂ ಧೈರ್ಯ ಬಂದಿರಲಿಲ್ಲ.

“ಏನೂ ಆಗಿಲ್ಲ ಬಿಡಿ,” ಎಂದಳು. ಮುಖ ಸುಣ್ಣದ ಹಾಗಿತ್ತು. “ಹೇಗೂ ತೋಳು ಉದ್ದ ಇತ್ತು.”

ಮಾಸ್ಟರು ನಗಲಿಲ್ಲ. ಗೋಡೆಯ ಸ್ವಿಚ್ಚು ಆರಿಸಿದರು. ಗವಸು ಬಿಚ್ಚಿದರು. ನೇರವಾಗಿ ಸೂಪರ್‌ವೈಸರ್ ಕೋಣೆಗೆ ಹೋಗಿ ಎಂಟು ಮಡಿಕೆಯ ಚೀಟಿಯನ್ನೂ ಗವಸನ್ನೂ ಮೇಜಿನ ಮೇಲಿಟ್ಟರು.

ಸೂಪರ್‌ವೈಸರ್ ಚೀಟಿ ಬಿಡಿಸಿ ಓದಿದ, ಮತ್ತೆ ಮಡಿಚಿ ಅವರತ್ತಲೇ ತಳ್ಳಿದ. “ಇದನ್ನ ನೀವು ಕೊಟ್ಟಿಲ್ಲ, ನಾನು ನೋಡಿಲ್ಲ. ಶುಕ್ರವಾರ ಮಾಲು ಹೋಗ್ಬೇಕು. ಒಂದು ಟೀ ಕುಡಿದು ಹೋಗಿ ಕತ್ತರಿಸಿ ಮಾಸ್ಟ್ರೇ.”

“ಅಕ್ಕನ ಕೈ ಹೋಗ್ತಿತ್ತು ಸಾರ್.”

“ಹೋಗಿಲ್ಲ ತಾನೇ? ಮೊನ್ನೆ ಕುಡಿತ ಅಂದ್ರಿ, ಈಗ ನಿದ್ದೆ ಅಂತೀರಿ. ಫೈಲಲ್ಲಿ ಏನಂತ ಬರೀಲಿ? ನಾನೇ ಸುಳ್ಳು ಬರೆಸಿದೆ ಅಂತಾಗುತ್ತೆ.”

ಅವನೂ ಸಿಕ್ಕಿಹಾಕಿಕೊಂಡಿದ್ದ. ಮಾಸ್ಟರಿಗೆ ಅದು ಕಂಡಿತು. ಪಾಪ ಅನ್ನಿಸಿತು ಕೂಡ. ಆದರೆ ಚೀಟಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ನಿದ್ದೆ ಅಂತಾನೇ ಬರ್ಕೊಳ್ಳಿ ಸಾರ್. ಆ ಸುಳ್ಳು ನಂದೇ, ಸಹಿ ನಂದು. ಕತ್ತಿ ಮಾತ್ರ ಇನ್ನು ಮುಟ್ಟಲ್ಲ.” ಇಪ್ಪತ್ತೆರಡು ವರ್ಷದ ಇಪ್ಪತ್ತಡಿಯನ್ನು ಎರಡು ಮಾತಲ್ಲಿ ಬಿಟ್ಟುಕೊಟ್ಟು, ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರು. ಮೇಲಿನವರು ಏನು ಹೇಳುತ್ತಾರೋ ಕೇಳಿಕೊಂಡೇ ಹೋಗುವುದೆಂದು ಕೂತದ್ದು. ಮೂರು ನಿಮಿಷದಲ್ಲಿ ತಲೆ ಗೋಡೆಗೆ ಒರಗಿತು.

ಸೂಪರ್‌ವೈಸರ್ ಮಾಲೀಕರಿಗೆ ಫೋನು ಹಚ್ಚಿದ. ವಿಷಯ ಹೇಳುವಷ್ಟರಲ್ಲಿ ಹೊರಗಿನಿಂದ ಗೊರಕೆ ಶುರುವಾಯಿತು. “ಅದೇನಯ್ಯ ಸದ್ದು? ಕೆಲಸದ ಹೊತ್ತಲ್ಲಿ ಆರಾಮಾಗಿ ಮಲಗಿದಾನಾ?” ಎಂದರು ಮಾಲೀಕರು. “ಬರಿ, ವಜಾ ಅಂತ ಬರಿ.” ಸೂಪರ್‌ವೈಸರ್ ಪೆನ್ನು ಎತ್ತಿದ.

ಗೊರಕೆ ನಿಂತಿತು.

ತೋಳಿನಂಚು ಕತ್ತರಿಸಿದ ಅಂಗಿಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದ ಅಕ್ಕ ಮಾಸ್ಟರ ಎದೆ ನೋಡಿದಳು. ಎದೆ ಏಳಲಿಲ್ಲ. ಬಾಯಿ ತೆರೆದಿತ್ತು, ಕುತ್ತಿಗೆಯ ನರ ಬಿಗಿದಿತ್ತು, ಗಾಳಿ ಮಾತ್ರ ಒಳಗೂ ಇಲ್ಲ, ಹೊರಗೂ ಇಲ್ಲ. ಸ್ಟಿಕ್ಕರ್ ಅಂಟಿಸುವವಳ ಚಾಳಿ. ತನಗೆ ತಿಳಿಯದೆಯೇ ಎಣಿಸತೊಡಗಿದಳು. ಹತ್ತಾಯಿತು. ಹದಿನೈದಾಯಿತು. “ಸಾರ್,” ಎಂದಳು, “ಇವರು ಉಸಿರಾಡ್ತಿಲ್ಲ.” ಸೂಪರ್‌ವೈಸರ್ ಪೆನ್ನು ಬಿಟ್ಟು ಫೋನಿನ ಸಮೇತ ಎದ್ದು ಬಂದ. ಇಪ್ಪತ್ತು. ಫೋನನ್ನು ಮಾಸ್ಟರ ಮುಖದ ಹತ್ತಿರ ಹಿಡಿದ.

“ಏನಯ್ಯ ಅದು?” ಫೋನಿನೊಳಗಿಂದ ಮಾಲೀಕರು ರೇಗಿದರು. “ಏನೂ ಕೇಳಿಸ್ತಿಲ್ವಲ್ಲ?”

“ಅದನ್ನೇ ಕೇಳಿಸ್ಕೊಳ್ಳಿ ಸಾರ್,” ಎಂದ ಸೂಪರ್‌ವೈಸರ್.

ಇಪ್ಪತ್ತಾರು. ಇಪ್ಪತ್ತೇಳು. ಬಾವಿಗೆ ಬಿದ್ದವನು ಮೇಲೆ ಬಂದಂತೆ ಮಾಸ್ಟರು ದೊಡ್ಡ ಸದ್ದಿನೊಂದಿಗೆ ಗಾಳಿ ಎಳೆದುಕೊಂಡರು. ಎಚ್ಚರವಾಗಲಿಲ್ಲ. ಎರಡು ಗೊರಕೆ ಹೊಡೆದು ಮತ್ತೆ ಮುಳುಗಿದರು. ಮೂವರೂ ಇನ್ನೊಂದು ಸಲ ಕಾದರು, ಒಬ್ಬರು ಫೋನಿನ ಆ ಕಡೆಯಿಂದ.

ಅಕ್ಕ ಭುಜ ಅಲ್ಲಾಡಿಸಿದಾಗ ಮಾಸ್ಟರು ಧಡಕ್ಕನೆ ಎದ್ದು ನಿಂತು, ಬಾಯಿ ಒರೆಸಿಕೊಂಡು, “ಕಣ್ಣು ಮುಚ್ಚಿಲ್ಲ ಸಾರ್, ಸುಮ್ನೆ ಕೂತಿದ್ದೆ” ಎಂದರು.

ಪರೀಕ್ಷೆ ಆಗುವವರೆಗೆ ವಜಾ ಇಲ್ಲ, ಕತ್ತಿಯೂ ಇಲ್ಲ, ಅಕ್ಕನ ಕೈಕೆಳಗೆ ಸ್ಟಿಕ್ಕರ್ ಕೆಲಸ ಎಂದು ಮಾಲೀಕರ ಅಪ್ಪಣೆಯಾಯಿತು. ಫೈಲಿನಲ್ಲಿ ಕುಡಿತದ ಪತ್ರ ಹಾಗೆಯೇ ಉಳಿಯಿತು; ಒಮ್ಮೆ ಸೇರಿಸಿದ ಹಾಳೆ ತೆಗೆಯಲು ನಿಯಮವಿಲ್ಲವಂತೆ. ಮಾಸ್ಟರು ಬೆಂಚಿನಿಂದ ನಡೆದು, ತಮ್ಮ ಮೇಜನ್ನು ದಾಟಿ, ಮೂಲೆಯ ಗಿಡ್ಡ ಸ್ಟೂಲಿನ ಮೇಲೆ ಕೂತರು. ಅಕ್ಕ ಒಂದು ಸುರುಳಿ ಸ್ಟಿಕ್ಕರ್ ಅವರ ತೊಡೆಯ ಮೇಲಿಟ್ಟಳು.

“ಒಂದರಿಂದ ನೂರಿಪ್ಪತ್ತು. ತಪ್ಪಿದ್ರೆ ಕಿತ್ತು ಅಂಟಿಸಿದ್ರಾಯ್ತು, ರಕ್ತ ಬರಲ್ಲ.”

ದೊಡ್ಡಾಸ್ಪತ್ರೆಯ ಸರದಿಗೆ ಇನ್ನೂ ಐವತ್ತು ರಾತ್ರಿಗಳಿದ್ದವು. ಮಾಸ್ಟರು ಮೊದಲನೆಯ ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು.